ತಕ್ಕಡಿ ಹತ್ತಿದವರಿಗೆ ಮಾತ್ರ ಸ್ಕೀ

ಬೆರ್ಗಿತ್ ಮಾಡಿದ ಮೊದಲ ಜೋಡಿ ಸ್ಕೀ ಇವತ್ತಿಗೂ ಟ್ವೈಟೆಗ್ರೆಂಡ್ ಎಂಬ ಕಣಿವೆಯೂರಿನ ಹಳೆಯ ಡೇರಿಯ ಬಾಗಿಲ ಮೇಲೆ ನೇತಾಡುತ್ತಿದೆ. ಒಂದರ ಮೂತಿ ಎಡಕ್ಕೆ ಸೊಟ್ಟ, ಇನ್ನೊಂದರದು ಬಲಕ್ಕೆ. ಅವನ್ನು ಕಟ್ಟಿಕೊಂಡು ಹೊರಟವನು ಒಂದೇ ಹೊತ್ತಿಗೆ ಎರಡು ಊರು ಸೇರಬೇಕಾಗುತ್ತದೆ ಎಂದು ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ನಗಲಿ ಬಿಡಿ. ಹೆತ್ತವರಿಗೆ ಹೆಗ್ಗಣ ಮುದ್ದು. ಬೆರ್ಗಿತ್ ಅವನ್ನು ಒಲೆಗೆ ಹಾಕಲಿಲ್ಲ, ಮೊಳೆ ಹೊಡೆದು ತೂಗುಹಾಕಿದಳು.

ಅವಳಿಗೆ ಆಗಲೇ ಐವತ್ತು ದಾಟಿತ್ತು. ಹರೆಯದಿಂದ ದುಡಿದ ಕಿಟಕಿ ಕಾರ್ಖಾನೆ ಒಂದು ವಸಂತದಲ್ಲಿ ಬಾಗಿಲು ಹಾಕಿತು. ಜೊತೆಗೆ ಕೆಲಸ ಕಳೆದುಕೊಂಡವನು ತಮ್ಮ ಸ್ವೈನುಂಗ್. ಮದುವೆಯಾಗದವನು, ಮಾತಿನ ಮಲ್ಲ. ಅಕ್ಕ ತಮ್ಮ ಇಬ್ಬರೂ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದು ಕುಡಿದು, ಕೊನೆಗೆ ಅಪ್ಪನ ನೆನಪು ತೆಗೆದರು. ಅಪ್ಪ ಹಿಮ ಬೀಳುವ ಮುಂಚೆ ಬರ್ಚ್ ಮರ ಸೀಳಿ, ಬಿಸಿನೀರಲ್ಲಿ ಮೂತಿ ಬಗ್ಗಿಸಿ, ಮನೆಮಂದಿಗೆಲ್ಲ ಸ್ಕೀ ಮಾಡಿಕೊಡುತ್ತಿದ್ದ. ಅದನ್ನೇ ಮಾಡಿ ಮಾರಿದರೆ ಹೇಗೆ? ಕಾರ್ಖಾನೆಯ ಪ್ಲಾಸ್ಟಿಕ್ ಸ್ಕೀ ಅಂಗಡಿ ಅಂಗಡಿಯಲ್ಲಿ ಬಿದ್ದಿರುವ ಕಾಲದಲ್ಲಿ ಇದು ಹುಚ್ಚೇ ಸರಿ. ಊರಾಡಳಿತದ ಕಚೇರಿಯ ಸಲಹೆಗಾರ್ತಿ ಮಾತ್ರ ಕಣ್ಣರಳಿಸಿ, "ಅಂದ್ರೆ ನಿಮ್ಮದೊಂದು ಸ್ಟಾರ್ಟಪ್!" ಅಂದಳು.

"ನಂಗೆ ಬೆಳಿಗ್ಗೆ ಹಾಸಿಗೆ ಬಿಟ್ಟು ಏಳೋದೇ ದೊಡ್ಡ ಸಾಹಸ ಕಣಮ್ಮ. ಇನ್ನು ಸ್ಟಾರ್ಟಪ್ ಎಲ್ಲಿಂದ ಮಾಡ್ಲಿ?" ಅಂದ ಸ್ವೈನುಂಗ್.

ಜಾಗ ಕೊಟ್ಟವಳು ಅಸ್ಲೌಗ್. ಬೆರ್ಗಿತಳ ಶಾಲೆಯ ಕಾಲದ ಗೆಳತಿ. ಗಂಡ ತಲ್ಲಾಕ್ ನಡೆಸುತ್ತಿದ್ದ ಡೇರಿ ಅವನು ತೀರಿಕೊಂಡ ಮೇಲೆ ಪಾಳು ಬಿದ್ದಿತ್ತು. ಅಸ್ಲೌಗ್ ಎಂದರೆ ಎತ್ತರದ, ದಪ್ಪ ಹೆಂಗಸು. ಅವಳು ಒಳಗೆ ಬಂದರೆ ಮೊದಲು ಹಲಗೆ ನೆಲ ಸುದ್ದಿ ಕೊಡುತ್ತಿತ್ತು, ಆಮೇಲೆ ಅವಳ ನಗು. ಕೀಲಿಕೈ ತಂದು ಮೇಜಿನ ಮೇಲೆ ಎಸೆದು, "ತಗೊಳ್ಳೇ. ಬಾಡಿಗೆ ಗೀಡಿಗೆ ಅಂತ ಬಾಯಿ ಬಿಟ್ಟರೆ ನೋಡು," ಅಂದಿದ್ದಳು. ಅಷ್ಟೇ ಅಲ್ಲ, ಮೂತಿ ಸೊಟ್ಟಾದ ಆ ಮೊದಲ ಜೋಡಿಯನ್ನು ಕಟ್ಟಿಕೊಂಡು ಡೇರಿಯ ಅಂಗಳದಲ್ಲಿ ಒಂದು ಸುತ್ತು ಹಾಕಿ, ದಬ್ ಎಂದು ಬಿದ್ದು, ಬಿದ್ದಲ್ಲಿಂದಲೇ "ಮುಂದಿನದು ಚೆನ್ನಾಗಾಗತ್ತೆ!" ಎಂದು ಕೂಗಿದವಳೂ ಅವಳೇ. ಅಂಥವಳು ಒಬ್ಬಳು ಹಿಂದಿದ್ದರೆ ಮನುಷ್ಯ ಯಾವ ಕೆಲಸಕ್ಕೂ ಕೈ ಹಾಕಬಹುದು. ಬೆರ್ಗಿತ್ ಕೈ ಹಾಕಿದಳು, ಕೈ ಹತ್ತಿತು.

ಡೇರಿಯಲ್ಲಿ ಹಾಲಿನ ಕ್ಯಾನು ತೂಗುವ ದೊಡ್ಡ ತಕ್ಕಡಿಯೊಂದು ಉಳಿದಿತ್ತು. ಮುಖದಷ್ಟು ಅಗಲದ ಬಿಲ್ಲೆ, ಅದರಲ್ಲೊಂದು ಕಪ್ಪು ಮುಳ್ಳು. ಬೆರ್ಗಿತ್ ಅದನ್ನು ಬಾಗಿಲ ಪಕ್ಕದಲ್ಲೇ ಇಟ್ಟುಕೊಂಡಳು. ಸ್ಕೀ ಬೇಕೆಂದು ಯಾರೇ ಬರಲಿ, ಮೊದಲು ಅದನ್ನು ಹತ್ತಬೇಕು. ಕಾರಣವಿದೆ. ಒಳ್ಳೆಯ ಸ್ಕೀ ನೆಲದ ಮೇಲೆ ಚಪ್ಪಟೆಯಾಗಿ ಮಲಗುವುದಿಲ್ಲ, ನಡುವೆ ಕಮಾನಿನಂತೆ ಎದ್ದಿರುತ್ತದೆ. ಏರಿನಲ್ಲಿ ಒಂದೇ ಕಾಲ ಮೇಲೆ ಭಾರ ಬಿಟ್ಟಾಗ ಕಮಾನು ತಗ್ಗಿ, ಅಡಿಗೆ ಸವರಿದ ಮೇಣ ಹಿಮವನ್ನು ಕಚ್ಚಬೇಕು. ಕಮಾನು ಆಳಿನ ತೂಕಕ್ಕೆ ಮೀರಿ ಗಟ್ಟಿಯಾದರೆ ಮೇಣ ಗಾಳಿಯಲ್ಲೇ ನಿಲ್ಲುತ್ತದೆ, ಹತ್ತುವವರು ಹಿಂದಕ್ಕೆ ಜಾರುತ್ತಾರೆ. ಮೆತ್ತಗಾದರೆ ನಡು ಹಿಮಕ್ಕೆ ಉಜ್ಜಿ, ಸ್ಕೀ ಓಡುವುದೇ ಇಲ್ಲ.

ತೂಕದ ವಿಷಯದಲ್ಲಿ ಈ ಕಣಿವೆಯ ಜನ ಸತ್ಯ ಹೇಳಿದ್ದನ್ನು ಯಾರೂ ಕೇಳಿಲ್ಲ. ಚರ್ಚಿನ ಹಾಡುಗಾರರ ಮುಖ್ಯಸ್ಥೆ ಕೋಟು ಬಿಚ್ಚಿದಳು, ಬೂಟು ಬಿಚ್ಚಿದಳು, ಕಿವಿಯ ಓಲೆಗೂ ಕೈ ಹಾಕಿದಳು. ಪಾದ್ರಿ, "ಇದು ದೇವರಿಗೂ ನನಗೂ ಇರೋ ವಿಷಯ," ಅಂದರು. ಬೆರ್ಗಿತ್ ಕೇಳುವವಳಲ್ಲ. "ತಕ್ಕಡಿ ಹತ್ತಿದವರಿಗೆ ಮಾತ್ರ ಸ್ಕೀ," ಅನ್ನುತ್ತಿದ್ದಳು. ಪಾದ್ರಿಯೂ ಹತ್ತಿದರು.

ಹತ್ತದೆ ಉಳಿದವಳು ಒಬ್ಬಳೇ, ಅಸ್ಲೌಗ್.

ಅವಳಿಗೆ ಕ್ಯಾನ್ಸರ್ ಬಂತು. ಒಂದು ಚಳಿಗಾಲ, ಅದರ ಬೆನ್ನಿಗೆ ಬಂದ ಈಸ್ಟರ್, ಆಮೇಲಿನ ಬೇಸಿಗೆ ಎಲ್ಲ ಪಟ್ಟಣದ ಆಸ್ಪತ್ರೆಯಲ್ಲೇ ಕಳೆಯಿತು. ರೋಗ ಹೋಯಿತು ಎಂದರು ವೈದ್ಯರು. ವಾಪಸ್ ಬಂದವಳು ಡೇರಿಯೊಳಗೆ ಕಾಲಿಟ್ಟಾಗ ನೆಲದ ಹಲಗೆ ಸದ್ದೇ ಮಾಡಲಿಲ್ಲ. ಕೋಟು ಗೂಟಕ್ಕೆ ಸಿಕ್ಕಿಸಿದ ಹಾಗೆ ಮೈಮೇಲೆ ಜೋಲುತ್ತಿತ್ತು. ಬೆರ್ಗಿತ್ ಕಂಡೂ ಕಾಣದವಳಂತೆ ನಗುನಗುತ್ತಾ ಕಾಫಿ ಬಗ್ಗಿಸಿದಳು.

"ಮೇಲಿನ ಕೆರೆ ಹತ್ರ ತಲ್ಲಾಕ್ ಕಟ್ಟಿದ ಗುಡ್ಡದ ಮನೆ ಇದೆಯಲ್ಲ," ಅಂದಳು ಅಸ್ಲೌಗ್. "ಈ ಈಸ್ಟರಿಗೆ ನನ್ನ ಕಾಲ ಮೇಲೆ ನಾನೇ ಹತ್ತಿ ಹೋಗಬೇಕು. ಹತ್ತಿದೆ ಅಂದ್ರೆ ಬದುಕಿದೆ ಅಂದ್ಕೊಳ್ತೀನಿ. ಆಗಲಿಲ್ವೋ, ಅದನ್ನ ಮಾರಿ ಕಿಟಕಿ ಪಕ್ಕ ಕೂತ್ಕೊಂಡು ಬಿಡ್ತೀನಿ."

"ಬಾಯಿ ಮುಚ್ಚು. ಸ್ಕೀ ನಾನು ಮಾಡಿಕೊಡ್ತೀನಿ," ಅಂದಳು ಬೆರ್ಗಿತ್.

ಮಾತು ಕೊಟ್ಟವಳ ಕಣ್ಣು ತಕ್ಕಡಿಯ ಕಡೆ ಹೋಯಿತು. ಅಸ್ಲೌಗಳ ಕಣ್ಣೂ ಹೋಯಿತು, ತಟ್ಟನೆ ಬೇರೆ ಕಡೆ ತಿರುಗಿತು. ಆಸ್ಪತ್ರೆಯಲ್ಲಿ ದಿನಾ ಬೆಳಿಗ್ಗೆ ತೂಗಿ ತೂಗಿ, ದಿನಾ ಇಳಿಯುವುದನ್ನೇ ನೋಡಿದವಳು. ಆ ಮುಖ ಕಂಡು ಬೆರ್ಗಿತ್ ತನ್ನ ನಿಯಮ ನುಂಗಿಕೊಂಡಳು. ನನಗೆ ಅಸ್ಲೌಗಳ ತೂಕ ಗೊತ್ತಿಲ್ಲವೇ, ನಲವತ್ತು ವರ್ಷದ ಗೆಳತಿ, ಕಣ್ಣಳತೆಯಲ್ಲೇ ಒಂದಿಷ್ಟು ಕಡಿಮೆ ಹಿಡಿದರಾಯಿತು ಎಂದುಕೊಂಡಳು. ಪ್ರೀತಿಯಿಂದ ಮಾಡಿದ ತಪ್ಪು. ಆದರೆ ಮರಕ್ಕೆ ಪ್ರೀತಿ ಗೀತಿ ಗೊತ್ತಾಗುವುದಿಲ್ಲ ನೋಡಿ.

ಚಳಿಗಾಲವಿಡೀ ಆ ಜೋಡಿಗೆ ಕೂತಳು. ಎರಡಕ್ಕೂ ಒಂದೇ ಮರದ ಪಟ್ಟಿ, ಒಂದೇ ಎಳೆ. ನೀರು ಹಿಡಿಯದಂತೆ ಅಡಿಗೆ ಪೈನ್ ಮರದ ಟಾರೆಣ್ಣೆ ಕಾಯಿಸಿ ಕುಡಿಸಿದಾಗ ಡೇರಿಯೆಲ್ಲ ಅದರ ಹೊಗೆಯ ವಾಸನೆ. ಮೇಲ್ಭಾಗಕ್ಕೆ, ತುದಿಯಿಂದ ತುದಿಗೆ, ಬರ್ಚ್ ಎಲೆಗಳ ಬಳ್ಳಿ ಕೆತ್ತಿದಳು. ಉಳಿ ಹಿಡಿದ ಕೈ ಕೆತ್ತುತ್ತಿತ್ತು, ಮನಸ್ಸು ಅದರದೇ ಲೆಕ್ಕದಲ್ಲಿ ಕೀಲಿಕೈಯನ್ನೂ ಅಂಗಳದಲ್ಲಿ ದಬ್ ಎಂದು ಬಿದ್ದ ಸದ್ದನ್ನೂ ನೆನೆಯುತ್ತಿತ್ತು. ಅವಳ ಋಣ ಇಷ್ಟಕ್ಕೆಲ್ಲ ತೀರುವಂಥದ್ದಲ್ಲ ಎಂದು ಬೆರ್ಗಿತಳಿಗೆ ಗೊತ್ತಿತ್ತು.

ಈಸ್ಟರಿಗೆ ಇನ್ನೂ ಒಂದು ವಾರವಿರುವಾಗ ಡೇರಿಯ ಹಿಂದಿನ ಏರಿನಲ್ಲಿ ಪರೀಕ್ಷೆ. ಸುದ್ದಿ ತಿಳಿದು ಚರ್ಚಿನ ಹಾಡುಗಾರ್ತಿಯರು ವಾಫಲ್ ತಿಂಡಿ ಕಟ್ಟಿಕೊಂಡು ಬಂದರು. ಪಕ್ಕದ ಕಣಿವೆಯ ಸ್ಕೀ ಸಂಘದವರಿಬ್ಬರು, ದೊಡ್ಡ ಆರ್ಡರ್ ಕೊಡುವ ಮೊದಲು ಕೆಲಸ ನೋಡೋಣವೆಂದು, ಅವರೂ ಬಂದು ನಿಂತಿದ್ದರು. ಅಸ್ಲೌಗ್ ಕೆತ್ತನೆಯ ಮೇಲೆ ಕೈಯಾಡಿಸಿ ಬೆರ್ಗಿತಳ ಭುಜ ಹಿಂಡಿದಳು. ಸ್ಕೀ ಕಟ್ಟಿಕೊಂಡು ಹೊರಟಳು.

ಸಮತಟ್ಟಿನಲ್ಲಿ ಚೆನ್ನಾಗಿ ಹೋದಳು. ಏರು ಶುರುವಾದಲ್ಲಿ ಎಡಗಾಲು ಊರಿದಳು, ಜಾರಿದಳು. ಬಲಗಾಲು ಊರಿದಳು, ಮತ್ತೆ ಹಿಂದಕ್ಕೆ. ಹಲ್ಲು ಕಚ್ಚಿ ಕೋಲುಗಳ ಮೇಲೆ ಮೈ ಎಳೆದುಕೊಂಡು ಸ್ವಲ್ಪ ಹತ್ತಿದಳು, ಅಷ್ಟನ್ನೂ ಜಾರಿ ಬಂದು ಮೊಣಕಾಲೂರಿ ಕೂತಳು. ವಾಫಲ್ ಹಿಡಿದವರು ಹಿಡಿದೇ ನಿಂತರು.

ಅಸ್ಲೌಗ್ ಮೆಲ್ಲಗೆ ಸ್ಕೀ ಬಿಚ್ಚಿ, ಹಿಮ ಒರೆಸಿ, ಬೆರ್ಗಿತಳ ಕೈಗಿಟ್ಟಳು.

"ಸ್ಕೀ ಬಂಗಾರದಂಥದ್ದು ಕಣೇ," ಎಂದಳು ಎಲ್ಲರಿಗೂ ಕೇಳುವ ಹಾಗೆ. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ, ಹಾಗಾಗಬಾರದು. ನನ್ನ ಕಾಲಲ್ಲೇ ಏನೂ ಉಳಿದಿಲ್ಲ. ಗುಡ್ಡದ ಮನೆ ಕೊಳ್ಳೋರು ಯಾರಾದ್ರೂ ಇದ್ರೆ ಹೇಳು."

ಮೊದಲ ಸಲ ಜಾರಿದಾಗಲೇ ತಪ್ಪು ಎಲ್ಲಿದೆ ಎಂದು ಬೆರ್ಗಿತಳಿಗೆ ಗೊತ್ತಾಗಿಬಿಟ್ಟಿತ್ತು. ಸಂಘದವರು ನೋಡುತ್ತಿದ್ದರು. ಸುಮ್ಮನಿದ್ದರೆ ಕಾರ್ಯಾಗಾರದ ಹೆಸರು ಉಳಿಯುತ್ತಿತ್ತು; ಉಳಿಸಿಕೊಡಲು ಅಸ್ಲೌಗ್ ಆಗಲೇ ತನ್ನ ಕಾಲನ್ನು ಬಲಿ ಕೊಟ್ಟಾಗಿತ್ತು. ಥೂ, ಅಂಥ ಹೆಸರು ಯಾರಿಗೆ ಬೇಕು!

"ಈ ಸಲ ನೆಲಾನೇ ಡೊಂಕು ಕಣೇ!" ಎಂದು ಕಿರುಚಿದಳು ಬೆರ್ಗಿತ್. "ಜಾರಿದ್ದು ನಿನ್ನ ಕಾಲಲ್ಲ, ನನ್ನ ಸ್ಕೀ. ಕಮಾನು ನಿನಗೆ ಸಿಕ್ಕಾಪಟ್ಟೆ ಗಟ್ಟಿಯಾಗಿದೆ. ಎಲ್ಲರನ್ನೂ ತೂಗಿದೆ, ನಿನ್ನೊಬ್ಬಳನ್ನ ತೂಗಲಿಲ್ಲ. ತಪ್ಪು ನಂದು. ಬಾ, ತಕ್ಕಡಿ ಹತ್ತು."

"ಬೇಡ."

"ಹತ್ತು ಅಂದೆ."

"ಬೇಡ ಅಂದ್ನಲ್ಲ! ಆ ಮುಳ್ಳು ಎಲ್ಲಿ ನಿಲ್ಲತ್ತೆ ಅಂತ ನಾನು ಇನ್ನೊಂದು ಸಲ ನೋಡಲಾರೆ ಬೆರ್ಗಿತ್."

"ನೀನು ನೋಡಬೇಡ. ಗೋಡೆ ಕಡೆ ಮುಖ ಮಾಡಿ ನಿಲ್ಲು. ನಾನು ನೋಡ್ತೀನಿ. ನೋಡಿ ಯಾರಿಗೂ ಹೇಳಲ್ಲ, ನಿನಗೂ ಹೇಳಲ್ಲ."

ಹಾಗೇ ಆಯಿತು. ಅಸ್ಲೌಗ್ ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ ನಿಂತಳು. ಬೆರ್ಗಿತ್ ಮುಳ್ಳನ್ನು ನೋಡಿದಳು. ತುಟಿ ಪಿಟಕ್ಕೆನ್ನಲಿಲ್ಲ. ಸಂಘದವರು ಆರ್ಡರಿನ ಮಾತೆತ್ತದೆ ಕಾರು ಹತ್ತಿದರು.

ಮಧ್ಯಾಹ್ನವೇ ಬೆರ್ಗಿತ್ ಸ್ಕೀಗಳನ್ನು ಮೇಜಿಗೆ ಬಿಗಿದು ಮರ ಹೆರೆಯುವ ಹತ್ತರಿ ಎತ್ತಿಕೊಂಡಳು. ಕಮಾನು ಸಡಿಲವಾಗಬೇಕಾದರೆ ಮೇಲಿನಿಂದ ಮರ ತೆಗೆಯಲೇಬೇಕು, ಬೇರೆ ದಾರಿಯಿಲ್ಲ. ಸ್ವೈನುಂಗ್ ಅಡ್ಡ ಬಂದ.

"ಅಕ್ಕಾ, ಕೆತ್ತನೆ ಹೋಗತ್ತೆ! ಚಳಿಗಾಲ ಪೂರ್ತಿ ಕೂತು ಕೆತ್ತಿದ್ದು!"

"ಕೆತ್ತಿದ್ದು ನನ್ನ ಸಂತೋಷಕ್ಕೆ. ಹತ್ತಬೇಕಾದವಳು ಅವಳು. ಸರಿ ಆಚೆ."

ಹತ್ತರಿ ಓಡಿತು. ಪಾದ ಇಡುವ ಜಾಗದ ಹಿಂದೆ ಮುಂದೆ ಬರ್ಚ್ ಎಲೆಗಳೆಲ್ಲ ಸುರುಳಿ ಸುರುಳಿಯಾಗಿ ನೆಲಕ್ಕುದುರಿದವು. ಒಂದಿಷ್ಟು ಹೊಡೆಯುವುದು, ಅಸ್ಲೌಗಳನ್ನು ಸ್ಕೀ ಮೇಲೆ ನಿಲ್ಲಿಸುವುದು, ಡೇರಿಯಲ್ಲಿ ಉಳಿದಿದ್ದ ಬೆಣ್ಣೆ ಸುತ್ತುವ ಕಾಗದವನ್ನು ಅಡಿಗೆ ತೂರಿಸಿ ಎಳೆದು ನೋಡುವುದು. ಒಂಟಿ ಕಾಲಲ್ಲಿ ನಿಂತರೂ ಕಾಗದ ಸಲೀಸಾಗಿ ಬರುತ್ತಿತ್ತು, ಅಂದರೆ ಕಮಾನು ಇನ್ನೂ ನೆಲ ಮುಟ್ಟಿಲ್ಲ. ಮತ್ತೆ ಹತ್ತರಿ. ಮತ್ತೆ ಕಾಗದ. ಕೊನೆಗೊಮ್ಮೆ ಎಳೆದಾಗ ಕಾಗದ ಬರಲಿಲ್ಲ, ಹರಿಯಿತು. ಅಸ್ಲೌಗಳ ಭಾರ ಅದನ್ನು ಕಚ್ಚಿ ಹಿಡಿದಿತ್ತು.

"ನೋಡೇ," ಅಂದಳು ಬೆರ್ಗಿತ್, ಹರಿದ ತುಂಡನ್ನು ಎತ್ತಿ ತೋರಿಸುತ್ತಾ. "ನಿನ್ನಲ್ಲಿ ಇನ್ನೂ ಭಾರ ಇದೆ."

ಈಸ್ಟರಿಗೆ ಮೂವರೂ ಹೊರಟರು. ಸ್ವೈನುಂಗನ ಬೆನ್ನಲ್ಲಿ ಕಿತ್ತಳೆ, ಕಂದು ಚೀಸು, ಸೌದೆ, ಜೊತೆಗೆ ಮುಗಿಯದ ಗೊಣಗು. ಅಸ್ಲೌಗ್ ಮುಂದೆ. ಹತ್ತು ಹೆಜ್ಜೆಗೊಮ್ಮೆ ನಿಂತಳು, ಏದುಸಿರು ಬಿಟ್ಟಳು, ಒಮ್ಮೆ ಹಿಮದಲ್ಲಿ ಕೂತೂ ಬಿಟ್ಟಳು. ಆದರೆ ಒಂದು ಸಲವೂ ಹಿಂದಕ್ಕೆ ಜಾರಲಿಲ್ಲ. ಗುಡ್ಡದ ಮನೆಯ ಬಾಗಿಲಿಗೆ ಒರಗಿ, ಕಿತ್ತಳೆ ಸುಲಿಯುತ್ತಾ, ರಸ ಗಲ್ಲಕ್ಕೆ ಇಳಿಯುತ್ತಿದ್ದರೂ ಒರೆಸಿಕೊಳ್ಳದೆ, "ತಲ್ಲಾಕ್, ಬಂದೆ ಕಣೋ," ಎಂದಳು. ಬೆರ್ಗಿತ್ ಮನೆಯ ಹಿಂದಕ್ಕೆ ಹೋಗಿ ಮನಸಾರೆ ಅತ್ತು ಬಂದಳು.

ಬೇಸಿಗೆ ಹೋಯಿತು. ಮುಂದಿನ ಚಳಿಗಾಲದ ಮೊದಲ ಹಿಮ ಬಿದ್ದ ಬೆಳಿಗ್ಗೆ ಬೆರ್ಗಿತ್ ಟಾರೆಣ್ಣೆ ಕಾಯಿಸುತ್ತಿದ್ದಳು. ಬಾಗಿಲ ಬಳಿ ನೆಲದ ಹಲಗೆ ಕಿರ್ರೆಂದಿತು. ಅಸ್ಲೌಗ್ ನಿಂತಿದ್ದಳು, ಮುಖ ಕೆಂಪು, ಕೈಯಲ್ಲಿ ಸ್ಕೀ. ತಂದು ಮೇಜಿನ ಮೇಲೆ ದಡಾರನೆ ಹಾಕಿದಳು.

"ಏನೇ ಇದು ನಿನ್ನ ಕೆಲಸ? ಇಳಿಜಾರಲ್ಲೂ ಓಡಲ್ಲ! ನಡು ಹಿಮಕ್ಕೆ ಉಜ್ಜಿ ಉಜ್ಜಿ ಪ್ರಾಣ ತಿನ್ನತ್ತೆ. ಪಾದ್ರಿ ನನ್ನನ್ನೇ ಹಿಂದೆ ಹಾಕಿ ಮುಂದೆ ಹೋದ್ರು. ಪಾದ್ರಿ!"

ಬೆರ್ಗಿತ್ ಸ್ಕೀ ಕಡೆ ನೋಡಲೇ ಇಲ್ಲ. ಅಸ್ಲೌಗಳ ಕೋಟನ್ನು ನೋಡಿದಳು. ಗುಂಡಿಗಳು ಒಂದೊಂದೂ ಬಿಗಿದುಕೊಂಡು ನಿಂತಿದ್ದವು. ಕೈಯಲ್ಲಿದ್ದ ಕುಂಚ ಕೆಳಗೆ ಬಿತ್ತು.

"ಯಾಕೆ ಅಳ್ತೀಯೇ? ದುಡ್ಡೇನೂ ವಾಪಸ್ ಕೇಳ್ತಿಲ್ಲ," ಅಂದಳು ಅಸ್ಲೌಗ್.

"ಕೊಟ್ಟಿದ್ರೆ ತಾನೇ ವಾಪಸ್ ಕೇಳೋಕೆ," ಎಂದ ಸ್ವೈನುಂಗ್ ಮೂಲೆಯಿಂದ.

"ಈ ಸಲ ಕೊಡ್ತೀನಿ. ಇನ್ನೊಂದು ಜೋಡಿ ಮಾಡು. ಗಟ್ಟಿ ಕಮಾನು, ಹಳೇ ಎಲೆ ಬಳ್ಳಿ, ಎಲ್ಲ ಬೇಕು." ಹೇಳುತ್ತಲೇ ಅಸ್ಲೌಗ್ ನಡೆದುಹೋಗಿ ತಕ್ಕಡಿ ಹತ್ತಿದಳು. ಕೋಟು ಬಿಚ್ಚಲಿಲ್ಲ, ಬೂಟೂ ಬಿಚ್ಚಲಿಲ್ಲ. ಗೋಡೆಗೆ ಬೆನ್ನು ಹಾಕಿ, ಮುಳ್ಳಿಗೆ ಮುಖ ಕೊಟ್ಟು, ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಓದು. ಜೋರಾಗಿ ಓದು."

ಬೆರ್ಗಿತ್ ಬಗ್ಗಿ ನೋಡಿದಳು. ಕಣ್ಣೀರಿನಲ್ಲಿ ಮುಳ್ಳೂ ಕಾಣದು, ಬಿಲ್ಲೆಯೂ ಕಾಣದು. ತಮ್ಮನ ತೋಳು ಹಿಡಿದು ಎಳೆದಳು. ಸ್ವೈನುಂಗ್ ಒಮ್ಮೆ ನೋಡಿದ, ಇನ್ನೊಮ್ಮೆ ನೋಡಿದ. ಆಮೇಲೆ ಡೇರಿಯ ಎರಡೂ ಬಾಗಿಲು ಅಗಲ ತೆಗೆದು, ಹಿಮದಲ್ಲಿ ನಿಂತು, ಇಡೀ ಕಣಿವೆಗೆ ಕೇಳುವ ಹಾಗೆ ಅಸ್ಲೌಗಳ ತೂಕ ಕೂಗಿ ಹೇಳಿದ.