ಅಕ್ಕಾರು ಎಲ್ಲಿ ಇಳಿದರು

ನನ್ನ ಗಂಡ ನನ್ನನ್ನು ಮೊದಲ ಸಲ "ಅಕ್ಕಾರ" ಎಂದು ಕರೆದದ್ದು ಹೈವೇಯಲ್ಲಿ, ಡಲ್ಲಾಸ್‌ನಿಂದ ಹ್ಯೂಸ್ಟನ್ ಕಡೆಗೆ ಬರುವಾಗ, ಮಧ್ಯಾಹ್ನ ಎರಡು ಗಂಟೆಯ ಬಿಸಿಲಿನಲ್ಲಿ. ನಾನು ನಕ್ಕುಬಿಟ್ಟೆ. ಆ ನಗು ಈಗ ತರಕಾರಿ ಹೆಚ್ಚುವಾಗ, ಸ್ನಾನ ಮಾಡುವಾಗ, ಎಲ್ಲೆಂದರಲ್ಲಿ ನನ್ನ ಕಿವಿಗೆ ಬೀಳುತ್ತದೆ.

ಇವರು ಧಾರವಾಡದವರು, ನಾನು ಮೈಸೂರಿನವಳು. ಹ್ಯೂಸ್ಟನ್ ಪಕ್ಕದ ಊರು ಕೇಟಿಯ ನಮ್ಮ ಮನೆಯಲ್ಲಿ ಇಷ್ಟು ವರ್ಷ ಒಟ್ಟಿಗೆ ಇದ್ದು ಇವರ ಕನ್ನಡಕ್ಕೆ ನನ್ನ ಊರಿನ ಬಣ್ಣ ಹತ್ತಿದೆ. ಆದರೆ ಹುಬ್ಬಳ್ಳಿಯ ಅಕ್ಕನ ಜೊತೆ ಫೋನಿನಲ್ಲಿ ಮಾತಾಡಿದ ಮೇಲೆ, ಇಲ್ಲವೇ ನನ್ನನ್ನು ರೇಗಿಸಬೇಕು ಅನ್ನಿಸಿದಾಗ, ಬಾಯಿಗೆ 'ರಿ' ಬರುತ್ತದೆ. "ಏನ್ರಿ ಬಾಯಾರ, ಚಹಾ ಸಿಗ್ತೈತೇನ್ರಿ?" ಬಾಯಾರ ಎಂದರೆ ನಮ್ಮ ಕಡೆಯ 'ಅಮ್ಮಾವ್ರೇ'. ನಾನು ನನ್ನ ಮೈಸೂರು ನಾಲಿಗೆಯಲ್ಲೇ "ಸಿಗ್ತೈತ್ರಿ ಸಾಹೇಬ್ರ" ಅನ್ನುತ್ತಿದ್ದೆ. ಇವರು ನಗುತ್ತಾ ಕಿವಿ ಮುಚ್ಚಿಕೊಳ್ಳುತ್ತಿದ್ದರು. 'ಅಕ್ಕಾರ' ಕೂಡ ಅದೇ ಆಟ ಎಂದುಕೊಂಡೆ.

ಡಲ್ಲಾಸ್‌ಗೆ ಹೋಗಿದ್ದು ಒಂದು ಟೀವಿ ಧಾರಾವಾಹಿಗಾಗಿ. ಇಂಜಿನಿಯರಿಂಗ್ ಓದಲಿಕ್ಕೆಂದು ಅಮೆರಿಕಕ್ಕೆ ಬಂದ ಹೊಸತರಲ್ಲಿ, ಮಾತಾಡಲು ಯಾರೂ ಇಲ್ಲದ ಕಾಲದಲ್ಲಿ, ಇವರು ಹಚ್ಚಿಕೊಂಡ ಧಾರಾವಾಹಿ ಅದು. ಆಕಾಶದ ಅಂಚಿನಲ್ಲಿ ಒಂದು ದೀಪಸ್ತಂಭ. ಅದಕ್ಕೊಬ್ಬ ಕಾವಲುಗಾರ. ಹಾದುಹೋಗುವ ಪ್ರತಿ ನೌಕೆಗೂ ಅವನು ದೀಪ ಬೀಸಿ ಕೇಳುವುದು ಒಂದೇ ಪ್ರಶ್ನೆ: "ಹೂ ಆರ್ ಯೂ?" ಉತ್ತರ ಸರಿಯಿದ್ದರೆ ದಾರಿ ಬಿಡುತ್ತಾನೆ.

ಆ ಕಾವಲುಗಾರನಾಗಿ ಇಷ್ಟು ವರ್ಷಗಳಲ್ಲಿ ಮೂವರು ನಟಿಸಿದ್ದಾರೆ. ಮೊದಲನೆಯವನಿಗೆ ಉದ್ದ ಮುಖ, ನಿಧಾನ ಮಾತು. ಕಣ್ಣು ಮಿಟುಕಿಸುವುದೇ ಅಪರೂಪ. ಎರಡನೆಯವನು ಗುಂಡಗಿದ್ದ, ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಿದ್ದ, ನಗುತ್ತಿದ್ದ. ಮೂರನೆಯವನು ಈಚಿನವನು, ತೆಳ್ಳಗೆ, ಎದುರಿಗಿರುವವರನ್ನು ಬಿಟ್ಟು ಅವರ ಭುಜದಾಚೆ ನೋಡಿ ಮಾತಾಡುತ್ತಾನೆ.

ನಮ್ಮ ಊಟದ ಟೇಬಲ್ಲಿನಲ್ಲಿ ಇದರ ಜಗಳ ಮುಗಿದದ್ದೇ ಇಲ್ಲ. ಇಂಗ್ಲಿಷಿನ 'ಯೂ' ಎಲ್ಲರಿಗೂ ಒಂದೇ. ಕನ್ನಡದಲ್ಲಿ ಅವನು ಏನು ಕೇಳುತ್ತಿದ್ದ? ಇವರ ವಾದ: ಮೊದಲನೆಯವನು "ಯಾರು ನೀನು?" ಅನ್ನುತ್ತಾನೆ. ಅಪರಿಚಿತರನ್ನೂ ಮನೆಯವರ ಹಾಗೆ ಕೇಳುತ್ತಾನೆ, ಅದಕ್ಕೇ ಯಾರಿಗೂ ಸುಳ್ಳು ಹೇಳಲಾಗುವುದಿಲ್ಲ. ಎರಡನೆಯವನು "ತಾವು ಯಾರು?" ಅನ್ನುತ್ತಾನೆ, ಕೌಂಟರಿನ ಹಿಂದೆ ಕೂತ ಗುಮಾಸ್ತನ ಹಾಗೆ. ಮೂರನೆಯವನ ಪಕ್ಷ ನಮ್ಮ ಮಗಳದು. ಅವಳು ಆಸ್ಟಿನ್‌ನಲ್ಲಿ ಕೆಲಸದಲ್ಲಿದ್ದಾಳೆ. ಕನ್ನಡವೆಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮೂರನೆಯವನು ಹೇಗೆ ಕೇಳುತ್ತಾನೆ ಎಂದಾಗ ಮಾತ್ರ ಅವಳು ಕನ್ನಡದಲ್ಲಿ ಹೇಳಿದಳು: "ಯಾರದು?" ಎದುರಿಗೆ ಯಾರಾದರೂ ಇದ್ದಾರೆಯೋ ಇಲ್ಲವೋ ಗೊತ್ತಿಲ್ಲದವನ ಹಾಗೆ.

ನಾನು ಎರಡನೆಯವನ ಕಡೆ. ಕಾರಣ ಅವನ ಮೊದಲ ಕಂತು. ಹಿಂದಿನ ವಾರದವರೆಗೆ ಉದ್ದ ಮುಖದವನಿದ್ದ. ಈ ವಾರ ಅದೇ ಬೂದು ಕೋಟು ಹಾಕಿಕೊಂಡು ಗುಂಡಗಿನವನು ಮೆಟ್ಟಿಲಿಳಿದು ಬರುತ್ತಾನೆ. ದೀಪಸ್ತಂಭದಲ್ಲಿ ಯಾರೂ ಏನೂ ಅನ್ನುವುದಿಲ್ಲ. ಅಲ್ಲಿ ಕೆಲಸಕ್ಕಿರುವ ಒಬ್ಬ ಹೆಂಗಸು ಎಂದಿನಂತೆ ಅವನಿಗೆ ಟೀ ತಂದುಕೊಡುತ್ತಾಳೆ. ಕೊಡುವಾಗ ಅವಳ ಕೈ ಒಂದು ಕ್ಷಣ ನಿಲ್ಲುತ್ತದೆ.

"ಅವಳಿಗೆ ಗೊತ್ತು ರೀ," ಅನ್ನುತ್ತಿದ್ದೆ ನಾನು.

"ಗೊತ್ತಿದ್ರೆ ಸುಮ್ಮನೆ ಟೀ ಯಾಕೆ ಕೊಡ್ತಾಳೆ? ಕೂಗಬೇಕಲ್ಲ."

"ಕೂಗಿ? ದೀಪ ಉರೀಬೇಕಲ್ಲ ರೀ."

"ಕೋಟು ಹಾಕ್ಕೊಂಡವರೆಲ್ಲ ಅವನಾಗಲ್ಲ ಕಣೇ," ಎಂದು ಇವರು ಮಾತು ಮುಗಿಸುತ್ತಿದ್ದರು.

ಡಲ್ಲಾಸ್‌ನ ಅಭಿಮಾನಿಗಳ ಮೇಳದಲ್ಲಿ ಮೂವರು ನಟರೂ ಒಂದೇ ವೇದಿಕೆಗೆ ಬರುತ್ತಾರೆಂದು ತಿಳಿದಾಗ ಇವರು ಅಟ್ಟ ಹತ್ತಿ ಹಳೆಯ ವಿಡಿಯೋ ಕ್ಯಾಸೆಟ್ಟುಗಳ ಪೆಟ್ಟಿಗೆ ಇಳಿಸಿದರು. ಇಳಿಸುವಾಗ ತಲೆಗೆ ತೊಲೆ ಬಡಿಯಿತು. ಒಂದಿಷ್ಟು ಐಸ್ ಇಟ್ಟೆವು. "ಏನೂ ಆಗಿಲ್ಲ," ಅಂದರು. ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಅದು ನಮ್ಮಿಬ್ಬರಿಗೂ ಆಗ ನೆನಪಾಗಲಿಲ್ಲ. ಮೂರು ವಾರ ಕಳೆಯಿತು. ಆಗೀಗ ತಲೆನೋವು ಅನ್ನುತ್ತಿದ್ದರು, ಅಷ್ಟೆ.

ಡಲ್ಲಾಸ್ ವಿಮಾನ ನಿಲ್ದಾಣದ ಪಕ್ಕ, ಯೂಲೆಸ್‌ನ ಒಂದು ಹೋಟೆಲಿನಲ್ಲಿ ಇಳಿದುಕೊಂಡೆವು. ವಿಮಾನಗಳು ಕಿಟಕಿಯ ಗಾಜು ನಡುಗಿಸಿಕೊಂಡು ಇಳಿಯುತ್ತಿದ್ದವು. ಭಾನುವಾರ ಬೆಳಿಗ್ಗೆ ಸಭಾಂಗಣ ಕಿಕ್ಕಿರಿದಿತ್ತು, ಎಲ್ಲರ ಮೈಮೇಲೂ ಬೂದು ಕೋಟು. ಮೂವರೂ ಸಾಲಾಗಿ ಕೂತರು. ಒಬ್ಬೊಬ್ಬರಾಗಿ ಆ ಪ್ರಶ್ನೆ ಕೇಳಿ ಎಂದು ನಿರೂಪಕಿ ಕೋರಿದಳು. ಮೊದಲನೆಯವನಿಗೆ ಈಗ ತುಂಬ ವಯಸ್ಸು. ಆದರೆ ದನಿ ಅದೇ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇವರು ಏಳಲಿಲ್ಲ.

"ಇವನು ಅವನಲ್ಲ," ಅಂದರು.

"ವಯಸ್ಸಾಗಿದೆ ರೀ. ನಮಗೆ ಆಗಿಲ್ವಾ?"

"ಅವನ ಥರ ಮಾಡ್ತಾನೆ. ಯಾರೋ ಬೇರೆ."

ಬಹಳ ದಿನ ಆಸೆಪಟ್ಟು ಬಂದವರಿಗೆ ನಿರಾಸೆಯಾಗಿದೆ ಎಂದುಕೊಂಡೆ. ವಾಪಸಾಗುವಾಗ ಡ್ರೈವ್ ನಾನು ಮಾಡುತ್ತೇನೆ ಅಂದೆ. ಬೇಡ ಎಂದರು.

ಕೋರ್ಸಿಕಾನಾ ದಾಟಿದ ಮೇಲೆ ಎರಡೂ ಕಡೆ ಬರೀ ಒಣಹುಲ್ಲು. "ಅಕ್ಕಾರ, ಎ.ಸಿ. ಸ್ವಲ್ಪ ಕಡಿಮಿ ಮಾಡ್ರಿ," ಅಂದರು. ನಾನು ನಕ್ಕು ಕಡಿಮೆ ಮಾಡಿದೆ.

"ನೀವು ಎಲ್ಲೆ ಇಳಿಯೋರು?"

"ಕೇಟಿ ಹತ್ರ ಬಿಟ್ಬಿಡ್ರಿ ಸಾಹೇಬ್ರ. ಅಲ್ಲೊಬ್ಬರು ಇಂಜಿನಿಯರ್ ಮನೇಲಿ ಅಡುಗೆ ಕೆಲಸ ನಂಗೆ."

ನನ್ನ ಧಾರವಾಡ ಕನ್ನಡಕ್ಕೆ ಎಂದೂ ನಗದೆ ಇದ್ದವರಲ್ಲ. ಅಂದು ನಗಲಿಲ್ಲ. "ಹಂಗೇನ್ರಿ," ಎಂದು ತಲೆಯಾಡಿಸಿದರು. ಎಷ್ಟೋ ಮೈಲಿ ಮಾತಿಲ್ಲ. ನಾನು ಮಗಳಿಗೆ ವೇದಿಕೆಯ ಫೋಟೋ ಕಳಿಸುತ್ತಾ ಕೂತಿದ್ದೆ.

"ನಮ್ಮ ಮನಿಯವರು ಎಲ್ಲೆ ಇಳದ್ರು? ನೀವೇನರ ನೋಡಿದ್ರೇನು?"

ಫೋನಿನಿಂದ ತಲೆ ಎತ್ತದೆ ಹೇಳಿದೆ. ಈ ಮಾತನ್ನು ಯಾರಿಗೂ ಹೇಳದೆ ಇದ್ದುಬಿಡಬಹುದಿತ್ತು, ಆದರೆ ಹೇಳಿದ್ದು ಇದು: "ಮೊದಲನೆಯವಳ ಕಾಂಟ್ರಾಕ್ಟ್ ಮುಗೀತು. ನಾನು ಎರಡನೆಯವಳು. ಇವತ್ತಿಂದ ಶೂಟಿಂಗ್."

ಆಗ ಇವರು ತಿರುಗಿ ನನ್ನನ್ನು ನೋಡಿದರು. ರಸ್ತೆ ಬಿಟ್ಟು ಅಷ್ಟು ಹೊತ್ತು ನೋಡಬಾರದು. ಎ.ಸಿ.ಯ ಚಳಿಗೆಂದು ನಾನು ಹಾಕಿಕೊಂಡಿದ್ದ ಸ್ವೆಟರ್ ಇವರೇ ಕೊಡಿಸಿದ್ದು.

"ಬಟ್ಟಿ ಆಕಿದ," ಅಂದರು. "ಮಾರಿನೂ ಭಾಳ ಹತ್ರ ತಂದೀರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಮುಖದ ವೇಷ ಚೆನ್ನಾಗಿ ಕೂತಿದೆ ಎಂದು ಒಳ್ಳೆಯ ಕೆಲಸವನ್ನು ಮೆಚ್ಚುವವರ ಹಾಗೆ ಹೇಳಿದರು. ಫೋನು ಕೆಳಗಿಟ್ಟೆ.

"ರೀ, ತಮಾಷೆ ಸಾಕು."

"ಆಕಿಗೆ ಏನ ಮಾಡಿದ್ರಿ ನೀವು?"

ಬ್ರೇಕ್ ಹಾಕಿದರು, ನಡುವಿನ ಲೇನಿನಲ್ಲಿ. ಕಾರು ಪೂರ್ತಿ ನಿಂತಿತು. ಹಿಂದಿನ ಸೀಟಿನಿಂದ ಊಟದ ಡಬ್ಬಿ ಉರುಳಿ ಮುಚ್ಚಳ ನನ್ನ ಕಾಲ ಬಳಿ ಬಂದು ಬಿತ್ತು. ಕನ್ನಡಿಯಲ್ಲಿ ಒಂದು ಟ್ರಕ್ ದೊಡ್ಡದಾಗುತ್ತಾ ಬಂತು. ಅದರ ಹಾರ್ನ್ ಎದೆಯೊಳಗಿಂದಲೇ ಬಂದಂತೆ ಕೇಳಿಸಿತು. ಟ್ರಕ್ ಪಕ್ಕಕ್ಕೆ ಹೊರಳಿ ದಾಟಿದಾಗ ಅದರ ಗಾಳಿಗೆ ಕಾರು ಅಲುಗಿತು.

"ಇಳೀರಿ," ಅಂದರು. "ದಯಮಾಡಿ ಇಳೀರಿ."

"ನಾನು ಕಣ್ರೀ! ನಾನು!"

"ಎಲ್ಲಾರೂ ಹಂಗ ಅಂತಾರ್ರಿ."

ಇನ್ನೊಂದು ಟ್ರಕ್. ಮತ್ತೊಂದು. ನಾನು ಹೆಂಡತಿ ಎಂದಷ್ಟೂ ಇವರ ಕಾಲು ಬ್ರೇಕನ್ನು ಗಟ್ಟಿಯಾಗಿ ಒತ್ತುತ್ತಿತ್ತು. ಹೇಗೆ ಹೊಳೆಯಿತೋ ತಿಳಿಯದು, ನಾನು ಹೆಂಡತಿಯಾಗುವುದನ್ನು ಬಿಟ್ಟೆ.

"ಅಣ್ಣಾರ," ಅಂದೆ. "ಇಲ್ಲೆ ಇಳದ್ರ ನನಗ ಗಾಡಿ ಬಡೀತಾವ್ರಿ. ಒಂದೀಟ ಬದೀಗ ತಗೋರಿ. ಇಳೀತೇನಿ. ನಿಮ್ಮ ಮನಿಯವರನ್ನ ಕಳಸ್ತೇನಿ."

ಇಷ್ಟು ವರ್ಷ ಬಾರದ ಕನ್ನಡ ಅಂದು ಒಂದು ತಪ್ಪೂ ಇಲ್ಲದೆ ಬಂತು. ಪರಸ್ತ್ರೀಯೊಬ್ಬಳು ಬೇಡಿಕೊಂಡರೆ ಇಲ್ಲ ಅನ್ನುವ ಮನುಷ್ಯರಲ್ಲ ಇವರು. ಇಂಡಿಕೇಟರ್ ಹಾಕಿದರು, ಕನ್ನಡಿ ನೋಡಿದರು, ಜಾಗ ಸಿಗುವ ತನಕ ಕಾದರು, ನಿಧಾನವಾಗಿ ರಸ್ತೆಯ ಅಂಚಿಗೆ ತಂದು ನಿಲ್ಲಿಸಿದರು. ನಾನು ಎಂಜಿನ್ನಿನ ಗುಂಡಿ ಒತ್ತಿ ಆರಿಸಿ, ಬೀಗದ ಕೈ ಇದ್ದ ಚೀಲ ಹಿಡಿದು ಇಳಿದೆ. ಇವರು ಒಳಗಿನಿಂದ ಬಾಗಿಲು ಭದ್ರ ಮಾಡಿಕೊಂಡರು.

ಆಂಬುಲೆನ್ಸಿಗೆ ಫೋನ್ ಮಾಡಿ ಹುಲ್ಲಿನಲ್ಲಿ ನಿಂತೆ. ಕಿಟಕಿಯ ಆಚೆ ನನ್ನ ಗಂಡ ನನ್ನನ್ನು ದಾಟಿ ದೂರಕ್ಕೆ ನೋಡುತ್ತಾ ನನಗಾಗಿ ಕಾಯುತ್ತಿದ್ದರು. ಎರಡು ಸಲ ಬಾಗಿಲನ್ನು ಒಂದು ಬೆರಳಿನಷ್ಟು ತೆರೆದು ಕೇಳಿದರು.

"ಬಂದ್ರೇನ್ರಿ?"

"ಬರಾಕತ್ತಾರ್ರಿ," ಅಂದೆ.

ಹ್ಯೂಸ್ಟನ್‌ಗೆ ಮೊದಲು ಸಿಗುವ ದ ವುಡ್‌ಲ್ಯಾಂಡ್ಸ್ ಊರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ತೊಲೆ ಬಡಿದ ದಿನದಿಂದ ತಲೆಬುರುಡೆಯ ಒಳಗೆ, ಬಲಭಾಗದಲ್ಲಿ, ರಕ್ತ ಜಿನುಗಿ ಮಿದುಳನ್ನು ಒತ್ತುತ್ತಿತ್ತು. ಕೂಡಲೇ ತೆಗೆಯಬೇಕು ಎಂದರು. ತೆಗೆದ ಮೇಲೆ ನನ್ನ ಗುರುತು ಸಿಗುತ್ತದೆಯೇ ಎಂದು ಕೇಳಿದೆ. ಸಾಮಾನ್ಯವಾಗಿ ಸಿಗುತ್ತದೆ ಎಂದರು ಡಾಕ್ಟರು. ಆ 'ಸಾಮಾನ್ಯವಾಗಿ' ಹಿಡಿದುಕೊಂಡು ಕೂತೆ.

ಮಗಳು ಆಸ್ಟಿನ್‌ನಿಂದ ಓಡಿಬಂದಳು. ಅವಳನ್ನು ನೋಡುತ್ತಲೇ ಇವರು "ಬಂದ್ಯಾ ಪುಟ್ಟಿ," ಅಂದರು. ನನಗೆ ಕೈಮುಗಿದು "ನಮಸ್ಕಾರ್ರಿ," ಅಂದರು.

ಮೊದಲ ಲಕ್ಷಣ ಯಾವುದು ಎಂದು ಡಾಕ್ಟರು ಕೇಳಿದರು. ಹೇಗೆ ಹೇಳುವುದು? ಇಂಗ್ಲಿಷಿನಲ್ಲಿ ಆ ಲಕ್ಷಣವೇ ಇಲ್ಲ. ಕೊನೆಗೆ ಮಗಳು ಹೇಳಿದಳು: "ಹೀ ಸ್ಟಾರ್ಟೆಡ್ ಬೀಯಿಂಗ್ ಪೊಲೈಟ್ ಟು ಹರ್." ಡಾಕ್ಟರು ಬರೆದುಕೊಳ್ಳದೆ ನಮ್ಮಿಬ್ಬರ ಮುಖ ನೋಡಿದರು.

ಆಪರೇಷನ್ ನಡೆಯುತ್ತಿದ್ದಾಗ ಹುಬ್ಬಳ್ಳಿಗೆ ಫೋನ್ ಮಾಡಿದೆ. ಇವರ ಅಕ್ಕ ಪೂರ್ತಿ ಕೇಳಿಸಿಕೊಂಡು ಅಂದರು, "ಅಂವ ನಿನಗ ಅಕ್ಕಾರ ಅಂದನಾ?"

"ಹೌದು ಅತ್ತಿಗೆ. ತಮಾಷೆ ಅಂದ್ಕೊಂಡೆ."

"ಬಾಯಾರ ಅಂದ್ರ ಚ್ಯಾಷ್ಟಿ, ಖರೆ. ಅಕ್ಕಾರ ಅಂದ್ರ ಅಲ್ಲವ್ವಾ. ಹೇಂತಿಗೆ ಅಕ್ಕ ಅಂತ ಚ್ಯಾಷ್ಟಿಗೂ ಅನ್ನಂಗಿಲ್ಲ ಯಾರೂ. ನಾ ಇದ್ದಿದ್ರ ಅಲ್ಲೇ ಗಾಡಿ ನಿಲ್ಲಸತಿದ್ದೆ."

ಬೈಯಲು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದರು. ಆ ಊರಿನ ಯಾವ ಹೆಂಗಸಿಗಾದರೂ ಮೊದಲ ಮಾತಿಗೇ ತಿಳಿಯುತ್ತಿತ್ತು. ನನಗೆ ತಿಳಿಯಲು ಅಷ್ಟು ಮೈಲಿ ಬೇಕಾಯಿತು.

ಮಾರನೆಯ ದಿನ ಬೆಳಿಗ್ಗೆ ಕಣ್ಣು ಬಿಟ್ಟರು. ನಾನು ಮಂಚದ ಕಾಲ ಬಳಿ ನಿಂತಿದ್ದೆ. ನಾನಾಗಿ ಒಂದು ಮಾತೂ ಆಡಬಾರದು ಎಂದುಕೊಂಡಿದ್ದೆ. ಮಗಳು ನನ್ನ ಮಣಿಕಟ್ಟು ಹಿಡಿದಿದ್ದಳು. ಇವರು ನೋಡಿದರು, ನೋಡುತ್ತಲೇ ಇದ್ದರು.

"ನಿಂತ್ಕೊಂಡು ಏನ್ ನೋಡ್ತೀಯ," ಅಂದರು. "ನೀರು ಕೊಡೇ."

'ಕೊಡೇ.' ಆ ಕೊನೆಯ ಅಕ್ಷರ ಹಿಡಿದುಕೊಂಡು ನಾನು ನಿಂತೇ ಇದ್ದೆ, ನೀರು ಮಗಳೇ ಕುಡಿಸಿದಳು.

ಈಗ ಮನೆಯಲ್ಲಿದ್ದೇವೆ. ತಲೆಯ ಗಾಯ ಮಾಸಿದೆ, ಕೂದಲು ಬಂದಿದೆ. ಕಾರು ನಾನೇ ನಡೆಸುತ್ತೇನೆ. ಎಲ್ಲ ಸರಿಹೋಯಿತು ಎಂದು ಸ್ನೇಹಿತರು ಹೇಳುತ್ತಾರೆ, ನಾನೂ ಹೌದು ಅನ್ನುತ್ತೇನೆ.

ಕಳೆದ ತಿಂಗಳು ಒಂದು ಮಧ್ಯಾಹ್ನ ಬಟಾಣಿ ಬಿಡಿಸುತ್ತಾ ಇವರು ಕೇಳಿದರು, "ಆ ಅಕ್ಕಾರು ಎಲ್ಲಿ ಇಳಿದ್ರು?"

ನನ್ನ ಕೈ ನಿಂತಿತು.

"ಪಾಪ, ಆ ಬಿಸಿಲಲ್ಲಿ ಹುಲ್ಲಿನ ಮೇಲೆ ನಿಂತಿದ್ರು. ಅವರು ಹೇಳದಿದ್ರೆ ನಾನು ಗಾಡಿ ಬದಿಗೆ ತಗೊಳ್ತಿರ್ಲಿಲ್ಲ. ಒಂದು ಥ್ಯಾಂಕ್ಸ್ ಹೇಳಲಿಲ್ಲ ನೋಡು." ಇನ್ನೊಂದು ಸಿಪ್ಪೆ ಬಿಡಿಸಿದರು. "ನೀನು ಎಲ್ಲಿದ್ದೆ ಆಗ?"

"ಅದು ನಾನೇ ಕಣ್ರೀ."

"ಗೊತ್ತು. ಡಾಕ್ಟರೂ ಹಂಗೇ ಹೇಳಿದ್ರು," ಎಂದು ನಕ್ಕರು. ಒಪ್ಪಿಕೊಂಡವರ ನಗುವಲ್ಲ ಅದು, ನನ್ನ ಮನಸ್ಸು ನೋಯಿಸಬಾರದು ಅನ್ನುವ ನಗು. ಆ ನೆನಪು ಹಾಗೇ ಉಳಿಯಬಹುದು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಇವರ ಪ್ರಾಣ ಉಳಿಸಿದ ಹೆಂಗಸೊಬ್ಬಳು ಇವರ ತಲೆಯಲ್ಲಿದ್ದಾಳೆ. ನನ್ನ ಮುಖ, ನನ್ನ ಸ್ವೆಟರ್, ನನಗಿಂತ ಒಳ್ಳೆಯ ಕನ್ನಡ. ನಾನು ಅಲ್ಲಿ ಇಲ್ಲ.

ಅಂದಿನಿಂದ ಇವರ ಮಾತಿನಲ್ಲಿ ನಾನು ಕೇಳುವುದು ಕೊನೆಯ ಅಕ್ಷರ ಒಂದನ್ನೇ. ಬಾ ಎಂದರೋ, ಬರ್ರಿ ಎಂದರೋ. ತಮಾಷೆಗೂ 'ಬಾಯಾರ' ಅನ್ನಬೇಡಿ ಎಂದು ಕೇಳಿಕೊಂಡಿದ್ದೇನೆ. ಇವರು ಅನ್ನುವುದಿಲ್ಲ.

ನಿನ್ನೆ ಸಂಜೆ ಎರಡನೆಯ ಕಾವಲುಗಾರನ ಮೊದಲ ಕಂತು ಹಾಕಿಕೊಂಡು ಕೂತಿದ್ದರು. ನಾನು ಒಲೆಯ ಮುಂದೆ ಇದ್ದೆ. ಗುಂಡಗಿನವನು ಮೆಟ್ಟಿಲಿಳಿದು ಬಂದ. ಟೀ ಕಪ್ಪು ಹಿಡಿದ ಹೆಂಗಸಿನ ಕೈ ಒಂದು ಕ್ಷಣ ನಿಂತಿತು.

"ನೀನು ಹೇಳ್ತಿದ್ದದ್ದು ಸರಿ," ಅಂದರು ಇವರು, ತಿರುಗದೆ. "ಅವಳಿಗೆ ಗೊತ್ತು."

ನಾನು ಒಲೆಯ ಉರಿ ಸಣ್ಣಗೆ ಮಾಡಿದೆ.

"ಚಹಾ ಕೊಡ್ತೀ—" ಅಂದರು. ಅಷ್ಟರಲ್ಲಿ ಟೀವಿಯಲ್ಲಿ ಯಾವುದೋ ನೌಕೆ ಹತ್ತಿರ ಬಂದು ಸೈರನ್ ಕೂಗಿತು. ಕೊಡ್ತೀಯಾ ಎಂದರೋ, ಕೊಡ್ತೀರಾ ಎಂದರೋ, ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಸೋಸಿ, ಸಕ್ಕರೆ ಕದಡಿ, ಎಂದಿನಂತೆ ಇವರ ಬಲಗೈ ಬಳಿ ತಂದಿಟ್ಟೆ. ಮೊದಲ ಗುಟುಕು ಕುಡಿಯುವ ತನಕ ಅಲ್ಲೇ ನಿಂತಿದ್ದೆ.