ಆಕ್ಷೇಪಣೆ ಇಲ್ಲ

"ಆ ಫ್ರಾಕ್ ಅಕ್ಕನ ಮನೆಗೆ ಗಾಳಿ ನುಗ್ಗಬೇಕಾದರೂ ಹೆಸರು ಹೇಳಿಯೇ ನುಗ್ಗಬೇಕು" ಎಂದು ನೆರೆಹೊರೆಯವರು ನಗುತ್ತಿದ್ದರು. ಸುಳ್ಳೇನಲ್ಲ. ಬಾಗಿಲು ತಟ್ಟಿದರೆ ಮೊದಲು ಹೊಲಿಗೆ ಮೆಷಿನ್ನಿನ ಸದ್ದು ನಿಲ್ಲುತ್ತಿತ್ತು, ಆಮೇಲೆ "ಯಾರು?" ಎಂಬ ದನಿ, ಅದಾದ ಮೇಲೆ ಸಂದಿಯಲ್ಲಿ ಒಂದು ಕಣ್ಣು. ಕೆಲವರು ಜಂಬ ಎಂದರು. ಕೈ ಹಿಡಿದವನೇ ಅವಳ ಕೈ ಮುರಿದಿದ್ದ, ಮಗಳನ್ನು ಕರೆದುಕೊಂಡು ಕಣ್ಣು ತಪ್ಪಿಸಿ ಬಂದವಳು ಎಂಬುದು ಅವರಿಗೇನು ಗೊತ್ತು?

ಮಕ್ಕಳ ಫ್ರಾಕ್ ಹೊಲಿದು, ಕಾಲರಿಗೆ ಕಸೂತಿ ಹಾಕಿ ವೆಬ್‌ಸೈಟಿನಲ್ಲಿ ಮಾರುತ್ತಿದ್ದಳು. ಪಾರ್ಸೆಲ್ಲಿನ ಮೇಲೆ ಕೊರಿಯರ್ ಅಂಗಡಿಯ ವಿಳಾಸ ಮಾತ್ರ. ಆದರೆ ವೆಬ್‌ಸೈಟಿನ ಹೆಸರನ್ನು ನೋಂದಾಯಿಸುವ ಕಂಪನಿ ಬಿಡಬೇಕಲ್ಲ! ಅಲ್ಲಿ ನಿಜವಾದ ವಿಳಾಸವನ್ನೇ ಬರೆಸಬೇಕು. ಹಿಂದೆ ಆ ದಾಖಲೆಯನ್ನು ಲೋಕವೆಲ್ಲ ನೋಡಬಹುದಿತ್ತಂತೆ. ಈಗ ಪರದೆ ಎಳೆದಿದ್ದಾರೆ. ಮೋಸ ನಡೆದಿದೆ ಎಂದು ತಕ್ಕ ಕಾರಣ ಕೊಟ್ಟವರಿಗೆ ಮಾತ್ರ ಸರಿಸುತ್ತಾರೆ.

ಆ ಪರದೆಯನ್ನು ಒಮ್ಮೆ ಅವಳೇ ಸರಿಸಿದ್ದಳು. ಯಾವನೋ ತನ್ನ ವೆಬ್‌ಸೈಟಿನಲ್ಲಿ ರೇಷ್ಮೆ ತೋರಿಸಿ ಅವಳಿಗೆ ಚಿಂದಿ ಕಳಿಸಿದ್ದ. ಕಂಪನಿಗೆ ದೂರು ಕೊಟ್ಟಳು. ಅವನು ಖಾಸಗಿತನ, ಹಕ್ಕು ಎಂದೆಲ್ಲ ಆಕ್ಷೇಪಣೆ ಬರೆದು ಬೊಬ್ಬೆ ಹೊಡೆದ. ಕೊನೆಗೆ ವಿಳಾಸ ಸಿಕ್ಕಿತು, ಅವನೂ ಸಿಕ್ಕಿಬಿದ್ದ.

"ಪರದೆ ಇರೋದು ಕಳ್ಳನ ಮುಖ ಮುಚ್ಚೋಕಾ?" ಎಂದು ಅಂದು ಫೋನಿನಲ್ಲಿ ಬೀಗಿದ್ದಳು.

ಕಂಪನಿಯ ಗುಮಾಸ್ತ ನಿಟ್ಟುಸಿರಿಟ್ಟಿದ್ದ. "ಅಕ್ಕಾ, ಅದರ ಹಿಂದೆ ಕಳ್ಳರೂ ಇರ್ತಾರೆ, ಹೆದರಿಕೊಂಡವರೂ ಇರ್ತಾರೆ. ಹೊರಗಡೆಯಿಂದ ನಮಗೆ ಇಬ್ಬರೂ ಒಂದೇ ಥರ ಕಾಣ್ತಾರೆ."

ವರ್ಷ ಕಳೆಯಿತು. ಅದೇ ಕಂಪನಿಯಿಂದ ಅವಳಿಗೇ ನೋಟಿಸು ಬಂತು. ತನ್ನ ಕಕ್ಷಿದಾರರ ಕಸೂತಿ ವಿನ್ಯಾಸವನ್ನು ಅವಳು ಕದ್ದಿದ್ದಾಳೆ ಎಂದು ಯಾರೋ ವಕೀಲ ದೂರು ಕೊಟ್ಟಿದ್ದ. ಅವನಿಗೆ ಅವಳ ವಿಳಾಸ ಕೊಡಲು ಆಕ್ಷೇಪಣೆ ಇದ್ದರೆ ತಿಳಿಸಬೇಕಂತೆ. ಅವಳ ಮೈಯೆಲ್ಲ ಉರಿದುಹೋಯಿತು.

"ಅಮ್ಮಾ, ಬೇಡ ಅಂತ ಬರಿ," ಎಂದಳು ಮಗಳು.

"ಯಾಕೆ ಬರೀಲಿ? ಆ ಚಿಂದಿ ಕಳ್ಳ ಬರೆದ ಹಾಗಾ? ಕದ್ದವರು ಬಚ್ಚಿಡ್ತಾರೆ ಕಣೇ. ಬರ್ಲಿ ಆ ವಕೀಲ, ನನ್ನೆದುರು ಕೂತು ಒಂದು ಗಂಟು ಹಾಕಿ ತೋರಿಸ್ಲಿ!"

'ಆಕ್ಷೇಪಣೆ ಇಲ್ಲ' ಎಂದು ಬರೆದು ಕಳಿಸಿಯೇಬಿಟ್ಟಳು. ಮಾನವಂತೆಯ ಸಿಟ್ಟು ಹಾಗೆಯೇ. ಮನೆಗೆ ಬೆಂಕಿ ಬಿದ್ದರೂ ಮೊದಲು ಸೆರಗು ಸರಿಮಾಡಿಕೊಳ್ಳುತ್ತದೆ.

ವಕೀಲ ಬರಲಿಲ್ಲ. ಒಂದು ಮಧ್ಯಾಹ್ನ ಕೆಳಗಿನ ಇಸ್ತ್ರಿಯವನು ಬಟ್ಟೆ ಕೊಡಲು ಹತ್ತಿಬಂದ. "ಅಕ್ಕಾ, ನಿಮ್ಮ ಕಡೆಯವರೊಬ್ರು ಬಂದಿದ್ರು. ಎಷ್ಟನೇ ಮಹಡಿ ಅಂತ ಕೇಳಿದ್ರು. ತುಂಬಾ ಒಳ್ಳೆಯವರು ಕಣಕ್ಕಾ, ನನ್ನ ಮಗೂಗೆ ಚಾಕಲೇಟ್ ಕೊಟ್ರು. ಸಂಜೆ ಬರ್ತೀನಿ, ಹೇಳ್ಬೇಡ, ಆಶ್ಚರ್ಯ ಆಗ್ಲಿ ಅಂದ್ರು... ಅಯ್ಯೋ, ಹೇಳೇಬಿಟ್ನಲ್ಲ!"

"ಎಡಗಾಲು ಎಳೀತಿದ್ರಾ?"

"ಹೌದೌದು, ಅವರೇ!"

ವೆಬ್‌ಸೈಟಿನ ಚಿತ್ರದಲ್ಲಿ ಗಂಡನಿಗೆ ಕಾಲರಿನ ಕಸೂತಿ ಕಂಡಿರಬೇಕು, ವಕೀಲನನ್ನು ಹಿಡಿದವನೂ ಅವನೇ. ಅವಳ ಸೂಜಿ ಹೇಗೆ ತಿರುಗುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಗುಮಾಸ್ತನಿಗೆ ಫೋನು ಮಾಡಿದಳು.

"ವಕೀಲರ ಕಾಗದ ಸರಿಯಾಗೇ ಇತ್ತಕ್ಕಾ. ನೀವೂ ಆಕ್ಷೇಪಣೆ ಇಲ್ಲ ಅಂದ್ರಿ. ಗಂಡ ಹೀಗೆ ಅಂತ ಒಂದು ಮಾತು ಬರೆದಿದ್ರೆ..."

ಬೈಯಲು ಹೊರಟವಳು ಫೋನು ಕೆಳಗಿಟ್ಟಳು. ಅಂದು ಆ ಚಿಂದಿ ಕಳ್ಳನ ವಿಳಾಸ ಕೊಟ್ಟಾಗ ಇದೇ ಗುಮಾಸ್ತನನ್ನು ನೂರು ವರ್ಷ ಬಾಳಪ್ಪಾ ಎಂದು ಹರಸಿದ್ದಳಲ್ಲ!

ಮೆಷಿನ್ನಿನ ತಲೆಯನ್ನು ಬಿಚ್ಚಿ ಸೀರೆಯಲ್ಲಿ ಸುತ್ತಿದಳು. ಕಬ್ಬಿಣದ ಕಾಲುಗಳು ಅಲ್ಲೇ ಉಳಿದವು, ಅರ್ಧ ಹೊಲಿದ ಫ್ರಾಕೂ ಉಳಿಯಿತು. ಮಗಳು ಶಾಲೆಯ ಚೀಲಕ್ಕೆ ಬಟ್ಟೆ ತುರುಕಿದಳು. ಕೆಳಗೆ ಇಸ್ತ್ರಿಯವನು ಕೆಂಡ ಊದುತ್ತಿದ್ದವನು ತಲೆಯೆತ್ತಿದ.

"ಎಲ್ಲಿಗಕ್ಕಾ, ಇಷ್ಟು ಸಾಮಾನು?"

ಕಷ್ಟಕ್ಕೆ ಆದವನು, ಜ್ವರ ಬಂದಾಗ ಗಂಜಿ ತಂದುಕೊಟ್ಟವನು. ಕೇಳಿದವರಿಗೆ ಇಲ್ಲ ಎನ್ನಲು ಅವನಿಗೆ ಬರುವುದಿಲ್ಲ.

"ರಿಪೇರಿಗೆ," ಎಂದಳು. ಮಗಳ ಕೈ ಹಿಡಿದು, ಬಸ್ ನಿಲ್ದಾಣದ ದಾರಿ ಬಿಟ್ಟು ಇನ್ನೊಂದು ಕಡೆಗೆ ತಿರುಗಿದಳು.