ಹೊತ್ತು ಮುಳುಗುವಾಗಿನ ಹಾಡು

ಧಪ್… ಧಪ್… ನೀರೊಳಗೆ ಯಾರೋ ಮೆಲ್ಲಗೆ ಡೋಲು ಬಡಿದಂತೆ. ಐನಾಪುರದ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಬ್ಯಾಂಕಿನ ಹುಡುಗಿ ಸಂಜೆ ಬಂದೊಡನೆ ಹಾಕುತ್ತಿದ್ದ ಎಲೆಕ್ಟ್ರಾನಿಕ್ ಹಾಡು ಅದು. ಮಾತೇ ಇಲ್ಲ, ಮಂಪರಿನಂಥ ಟ್ಯೂನ್ ಅಷ್ಟೇ. ಕಾನ್ವೆಂಟಿನಲ್ಲಿ ಪಿಯಾನೋ ಕಲಿತ ನನಗೆ ಈ ವಯಸ್ಸಿನಲ್ಲಿ ಅದರ ಮೇಲೆ ಪಕ್ಕಾ ಲವ್ ಆಗಿಬಿಟ್ಟಿತು.

ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ. ಒಂದು ಸಂಜೆ ಮೆಟ್ಟಿಲ ಮೇಲೆ ಕೂತು ಕೇಳುತ್ತಿದ್ದೆ. ಸೊಸೆ ಕೂಗಿದಳು: "ಅತ್ತೀ, ಹೊತ್ತ ಮುಳಗಾಕತ್ತೈತ್ರಿ, ಉಣ್ಣಾಕ ಬರ್ರಿ!"

"ಒನ್ ಮಿನಿಟ್, ಡಿಯರ್!"

ಹಾಡು ಮುಗಿಯುವಷ್ಟರಲ್ಲಿ ಸೂರ್ಯ ಮುಳುಗಿದ್ದ.

"ಇನ್ನ ಆ ಹಾಡನ್ನ ಉಣ್ರಿ," ಎಂದು ಸೊಸೆ ನಗುತ್ತ ರೊಟ್ಟಿ ಮುಚ್ಚಿಟ್ಟಳು. ಹಸಿದು ಮಲಗಿದರೂ ನನ್ನ ಕಾಲು ತಾಳ ಹಾಕುತ್ತಲೇ ಇತ್ತು. ಸೋ ಸಿಲ್ಲಿ!

ಹುಡುಗಿಗೆ ಬೀದರಿಗೆ ವರ್ಗವಾಯಿತು. ನನ್ನ ಬಟನ್ ಫೋನಿಗೆ ಆ ಹಾಡು ಬಾರದು. ಹಾಡೂ ಅವಳೊಂದಿಗೆ ಹೊರಟಿತ್ತು. ಬಸ್ ಸ್ಟ್ಯಾಂಡಿನಲ್ಲಿ ಅವಳು ತನ್ನ ವೈರಿಲ್ಲದ ಇಯರ್‌ಫೋನಿನಲ್ಲಿ ಒಂದನ್ನು ನನ್ನ ಕಿವಿಗಿಟ್ಟಳು. "ಬಸ್ ಬರೂತನಕ ಕೇಳ್ರಿ, ಆಯಿ."

ಬಸ್ ಬಂದ ಗಡಿಬಿಡಿಯಲ್ಲಿ ಇಬ್ಬರೂ ಅದನ್ನು ಮರೆತೆವು. ಅವಳು ಕಿಟಕಿಯಿಂದ ಕೈಬೀಸಿದಳು. ಬಸ್ಸು ಹೊರಟರೂ ನನ್ನ ಕಿವಿಯಲ್ಲಿ ಹಾಡು ನಡೆದೇ ಇತ್ತು. ನಾನು ಸೆರಗು ಹಿಡಿದು ನಾಲ್ಕು ಹೆಜ್ಜೆ ಬಸ್ಸಿನ ಹಿಂದೆಯೇ ಓಡಿದೆ. ಅವಳ ಫೋನು ದೂರವಾಗಿ ಹಾಡು ತಡವರಿಸಿ ನಿಂತಾಗ, ಕಿಟಕಿಯಲ್ಲಿ ಅವಳು ತನ್ನ ಖಾಲಿ ಕಿವಿ ಮುಟ್ಟಿಕೊಂಡು ನಗುತ್ತಿದ್ದಳು. ಅವಳನ್ನು ಕೊನೆಯ ಸಲ ನೋಡಿದ್ದು ಹಾಗೆ.